ಜೋರ್ಡಾನ್‌ನಲ್ಲಿ ಕೋರ್ಟ್ ಇದ್ದರೂ ಹಿರಿಯರ ಸಂಧಾನ ಯಾಕೆ?

ಅಮ್ಮಾನ್‌ವಾಸಿ:
ನನ್ನ ಸಹೋದ್ಯೋಗಿಯ ತಮ್ಮನ ಕಾರು ಗುದ್ದಿ ಒಬ್ಬ ಹುಡುಗ ತೀರಿಹೋದ. ಪೊಲೀಸ್ ಕೇಸ್ ಆಗಿದೆ. ಆದರೂ ಇವರ ಮನೆಯವರು ಹಿರಿಯರನ್ನು ಸೇರಿಸಿಕೊಂಡು ಸತ್ತವನ ಮನೆಗೆ ಹೊರಟಿದ್ದಾರೆ. ನನ್ನನ್ನೂ ಕರೆದಿದ್ದಾರೆ. ದುಡ್ಡು ಕೊಟ್ಟು ಬಾಯಿ ಮುಚ್ಚಿಸೋ ವ್ಯವಹಾರವಾ ಇದು?

ಹಳೇಮುಸಾಫಿರ್:
ಬಾಯಿ ಮುಚ್ಚಿಸೋದಾಗಿದ್ದರೆ ಗುಟ್ಟಾಗಿ ಹೋಗ್ತಿದ್ದರು. ಇದು ನಾಲ್ಕು ಜನರ ಎದುರೇ ನಡೀಬೇಕು. ಹೋಗುವ ಹಿರಿಯರ ತಂಡಕ್ಕೆ ‘ಜಾಹಾ’ ಅಂತಾರೆ. ಮೊದಲು ‘ಅತ್ವಾ’ ತಗೊಂಡಿರ್ತಾರೆ, ಅಂದರೆ ಇಂತಿಷ್ಟು ದಿನ ಸೇಡಿನ ಮಾತಿಲ್ಲ ಅನ್ನೋ ಕದನವಿರಾಮ. ಆಮೇಲೆ ‘ಸುಲ್ಹ್’, ರಾಜಿ.

ನಾನು ಅಲ್ಲಿದ್ದಾಗ ಒಂದಕ್ಕೆ ಹೋಗಿದ್ದೆ. ಉದ್ದನೆಯ ಡೇರೆ, ಎದುರುಬದುರು ಕುರ್ಚಿ ಸಾಲು. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಬಂತು. ಜಾಹಾದ ಮುಖಂಡರು ಬಟ್ಟಲನ್ನು ಹಾಗೇ ಕೆಳಗಿಟ್ಟರು. ಬಂದ ಕೆಲಸ ಆಗದೆ ಕುಡಿಯಲ್ಲ ಅಂತ ಅರ್ಥ. ತಪ್ಪು ಒಪ್ಪಿಕೊಂಡು, ಸತ್ತವನ ಮನೆತನವನ್ನು ಹೊಗಳಿ, ಕ್ಷಮೆ ಕೇಳಿದರು. ಮನೆಯ ಹಿರಿಯ ಎದ್ದು ‘ಕಾಫಿ ಕುಡೀರಿ’ ಅಂದರೆ ಮುಗೀತು. ‘ದಿಯಾ’ ಅಂದರೆ ಪ್ರಾಣಪರಿಹಾರ. ಅದನ್ನು ಅಲ್ಲಾಹನ ಹೆಸರಲ್ಲಿ, ದೊರೆಯ ಹೆಸರಲ್ಲಿ, ಬಂದ ಹಿರಿಯರ ಗೌರವಕ್ಕೆ ಅಂತ ಎಷ್ಟೋ ಸಲ ಅಲ್ಲೇ ಬಿಟ್ಟುಕೊಡ್ತಾರೆ. ಕೈ ಚಾಚಿ ಬೇಡಬೇಕಾದವರು ಯಾರು, ಕೊಡುವ ಸ್ಥಾನದಲ್ಲಿ ಇರೋರು ಯಾರು ಅನ್ನೋದು ಊರಿಗೆಲ್ಲ ಕಾಣಬೇಕು. ದುಡ್ಡು ಆಮೇಲಿನ ಮಾತು.

ಓದುಗ_ಕಾಸಿಂ:
ಧರ್ಮದ ಬೆಂಬಲವೂ ಇದೆ. ಕೊಲೆಯ ವಿಷಯದಲ್ಲಿ ಸತ್ತವನ ಕಡೆಯವರು ಕ್ಷಮಿಸಿ ಪರಿಹಾರ ಪಡೆಯಬಹುದು ಅಂತ ಕುರ್‌ಆನ್ 2:178ರಲ್ಲಿದೆ. ಗಂಡ ಹೆಂಡತಿ ಜಗಳಕ್ಕೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಿ ಅಂತ 4:35. ಆದರೆ ಡೇರೆ, ಕಾಫಿ ಎಲ್ಲ ಬುಡಕಟ್ಟಿನ ಪದ್ಧತಿ, ಧರ್ಮದ್ದಲ್ಲ. ಅಲ್ಲಿನ ಕ್ರೈಸ್ತ ಕುಟುಂಬಗಳೂ ಜಾಹಾ ಕಳಿಸ್ತಾರೆ.

ವಕೀಲಮ್ಮ:
ಇಷ್ಟೊಂದು ಹೊಗಳಬೇಡಿ. ಬುಡಕಟ್ಟು ಕಾನೂನುಗಳನ್ನು ಜೋರ್ಡಾನ್ 1976ರಲ್ಲೇ ರದ್ದು ಮಾಡಿದೆ, ಪದ್ಧತಿ ಮಾತ್ರ ಹೋಗಿಲ್ಲ. ಕೊಲೆಯಾದರೆ ‘ಜಲ್ವಾ’ ಹೆಸರಲ್ಲಿ ಏನೂ ಮಾಡದ ಅಪ್ಪ, ಗಂಡುಮಕ್ಕಳೂ ಮನೆ ಬಿಟ್ಟು ಬೇರೆ ಊರಿಗೆ ಹೋಗಬೇಕು. ಮಕ್ಕಳ ಶಾಲೆ, ಅಂಗಡಿ, ಎಲ್ಲ ಬಿಟ್ಟು! ಡೇರೆಯಲ್ಲಿ ಕೂರೋದೂ ಗಂಡಸರೇ. ಮಗನನ್ನು ಕಳಕೊಂಡ ತಾಯಿಯನ್ನು ಯಾರು ಕೇಳಿದರು?

ಹಳೇಮುಸಾಫಿರ್:
ಜಲ್ವಾ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ ಮೇಡಂ. ಕೋರ್ಟ್ ಬಗ್ಗೆ ಒಂದು ಮಾತು: ರಾಜಿಯಾದರೆ ಕೇಸ್ ಬಿದ್ದುಹೋಗಲ್ಲ. ಕುಟುಂಬದವರು ತಮ್ಮ ಖಾಸಗಿ ಹಕ್ಕು ಬಿಟ್ಟುಕೊಟ್ಟರೆ ಶಿಕ್ಷೆ ಕಡಿಮೆಯಾಗಬಹುದು, ಸರ್ಕಾರದ ಪಾಲಿನ ಹಕ್ಕು ಉಳಿಯುತ್ತೆ.

ಅಮ್ಮಾನ್‌ವಾಸಿ:
ಸರಿ ಸಾರ್, ಹಾಗಾದ್ರೆ ಹೋಗ್ತೀನಿ. ಏನಾದರೂ ಮಾತಾಡಬೇಕಾ?

ಹಳೇಮುಸಾಫಿರ್:
ಬೇಡ. ಮಾತು ಮುಖಂಡರದ್ದು. ಹಿಂದಿನ ಸಾಲಲ್ಲಿ ಕೂತು, ಫೋನ್ ಜೇಬಲ್ಲೇ ಇಟ್ಟುಕೊಳ್ಳಿ.