ಅಂಟಿದ ಹೆದರಿಕೆಯೋ, ತಳುಕಿನ ಹೆದರಿಕೆಯೋ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗಾಗಿ ಮನಶ್ಶಾಸ್ತ್ರದ ಒಂದು ಪಾಠ ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ಕಂಡಿಷನ್ಡ್ ಫಿಯರ್’ (conditioned fear) ಎಂಬುದಕ್ಕೆ ಒಂದು ಕನ್ನಡ ಪದ ಬೇಕಾಗಿದೆ.

ಸಂದರ್ಭ: 1920ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಮತ್ತು ರೋಸಲೀ ರೇನರ್ ಪ್ರಕಟಿಸಿದ ಪ್ರಯೋಗ. ಆಲ್ಬರ್ಟ್ ಎಂಬ ಹನ್ನೊಂದು ತಿಂಗಳ ಕೂಸಿಗೆ ಬಿಳಿ ಇಲಿ ಕಂಡರೆ ಹೆದರಿಕೆಯೇ ಇರಲಿಲ್ಲ. ಅದು ಇಲಿ ಮುಟ್ಟುವಾಗ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಕೆಲವೇ ಸಲಕ್ಕೆ, ಸದ್ದಿಲ್ಲದೆ ಬರೀ ಇಲಿ ಬಂದರೂ ಕೂಸು ಅಳತೊಡಗಿತು. ಮುಂದೆ ಮೊಲ, ನಾಯಿ, ತುಪ್ಪಳದ ಕೋಟು ಕಂಡರೂ ಅದೇ ಅಳು. ಆ ಭಯವನ್ನು ಬಿಡಿಸದೆಯೇ ಮಗುವನ್ನು ಕಳಿಸಿಕೊಟ್ಟರು. ಇವತ್ತಾದರೆ ಇಂಥದ್ದಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಅದಿರಲಿ.

ಬಿ.ಎಡ್. ಗೈಡುಗಳಲ್ಲಿ ಹೀಗೆ ಆಗುವ ಕಂಡಿಷನಿಂಗ್‌ಗೆ ‘ಅನುಬಂಧನ’ ಎಂದಿದೆ. ‘ಅನುಬಂಧಿತ ಭಯ’ ಎಂದು ಬರೆದು ನೋಡಿದೆ. ಅನುಬಂಧ ಅಂದರೆ ಮಕ್ಕಳಿಗೆ ಹೊಳೆಯುವುದು ಪುಸ್ತಕದ ಕೊನೆಯ ಹಾಳೆಗಳು, ಇಲ್ಲವೇ ಜನ್ಮಾಂತರದ ನಂಟು. ‘ಕಲಿತ ಹೆದರಿಕೆ’ ಎಂದರೆ ಕೂಸು ಕೂತು ಅಭ್ಯಾಸ ಮಾಡಿದಂತೆ ಕೇಳುತ್ತದೆ.

‘ಅಂಟಿದ ಹೆದರಿಕೆ’ ಕಿವಿಗೆ ಹಿತವಾಗಿದೆ, ಆದರೆ ಅದನ್ನು ಬೇರೊಂದಕ್ಕೆ ಉಳಿಸಿಕೊಳ್ಳಬೇಕು ಅನ್ನಿಸುತ್ತಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಮಿನೆಕಾ ಅವರ ಪ್ರಯೋಗಗಳಲ್ಲಿ, ಲ್ಯಾಬಿನಲ್ಲೇ ಬೆಳೆದ, ಹಾವಿಗೆ ಹೆದರದ ಕೋತಿಗಳು ಬೇರೆ ಕೋತಿ ಹಾವಿಗೆ ಬೆದರುವುದನ್ನು ನೋಡಿದ್ದಷ್ಟಕ್ಕೇ ತಾವೂ ಬೆದರಲು ಶುರುಮಾಡಿದವು. ಜಿರಲೆ ಕಂಡು ಅಮ್ಮ ಕಿರುಚಿದರೆ ಮಗುವೂ ಕಿರುಚುತ್ತದಲ್ಲ, ಅದು. ಒಬ್ಬರಿಂದ ಒಬ್ಬರಿಗೆ ಅಂಟುವುದು ಇದೇ. ಆಲ್ಬರ್ಟ್‌ಗೆ ಹೆದರಿಕೆ ಯಾರಿಂದಲೂ ಅಂಟಲಿಲ್ಲ. ಇಲಿಗೂ ಸದ್ದಿಗೂ ತಳುಕು ಬಿತ್ತು, ಅಷ್ಟೆ. ತೆನಾಲಿ ರಾಮಕೃಷ್ಣನ ಬೆಕ್ಕಿನದೂ ಇದೇ ಕಥೆ: ಸುಟ್ಟದ್ದು ಬಿಸಿ, ಓಡಿದ್ದು ಹಾಲು ಕಂಡು. ಹಾಗಾಗಿ ‘ತಳುಕುಭಯ’ ಅಥವಾ ‘ತಳುಕಿನ ಹೆದರಿಕೆ’ ಎಂದರೆ ಹೇಗೆ? ಪತ್ರಿಕೆಯವರು ಎಲ್ಲದಕ್ಕೂ ‘ತಳುಕು ಹಾಕಿ’ ಆ ಪದ ಸವೆದಿದೆಯೇನೋ ಎಂಬುದೊಂದೇ ಅನುಮಾನ.

ಇನ್ನೊಂದು. ‘ಇಲಿ ಕಂಡರೆ ಹೆದರಿಕೆ’ ಎನ್ನುವಲ್ಲಿ ‘ಕಂಡರೆ’ ಕಣ್ಣಿನ ಮಾತಾಗಿ ಉಳಿದಿಲ್ಲ, ‘ಅಪ್ಪನ್ನ ಕಂಡರೆ ಭಯ’ ಅನ್ನುವವನ ಎದುರು ಅಪ್ಪ ಇರಬೇಕಾಗಿಲ್ಲ. ಸದ್ದಿಗೆ ಮಾತ್ರ ‘ಗುಡುಗು ಅಂದರೆ ಭಯ’ ಎನ್ನುತ್ತೇವೆ. ‘ಗುಡುಗು ಕಂಡರೆ’ ಎಂದು ನಿಮ್ಮ ಕಡೆ ಯಾರಾದರೂ ಅನ್ನುತ್ತಾರೆಯೇ?

ಧಾರವಾಡ, ಬೆಳಗಾವಿ ಕಡೆಯವರಿಗೆ ಒಂದು ಪ್ರಶ್ನೆ: ಹೀಗೆ ಒಂದು ಘಟನೆಯಿಂದ ಶುರುವಾಗಿ ನಿಂತುಬಿಟ್ಟ ಭಯಕ್ಕೆ ‘ಅಂಜಿಕಿ ಹೊಕ್ಕೈತಿ’ ಅನ್ನುತ್ತೀರೋ, ‘ಕುಂತೈತಿ’ ಅನ್ನುತ್ತೀರೋ? ನಮ್ಮ ಮೈಸೂರು ಕಡೆ ಎರಡನ್ನೂ ಕೇಳಿದ್ದೇನೆ, ‘ಹೆದರಿಕೆ ಹೊಕ್ಕಿದೆ’ ಅಂದರೆ ಗಾಳಿ ಸೋಕಿದ ಧ್ವನಿಯೂ ಸೇರುತ್ತದೆ.

ಹೋಗಲಾಡಿಸುವುದಕ್ಕೆ ‘ಬಿಡಿಸು’ ಎಂದೇ ಇಟ್ಟುಕೊಂಡಿದ್ದೇನೆ. 1924ರಲ್ಲಿ ಮೇರಿ ಕವರ್ ಜೋನ್ಸ್, ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತ ಮೊಲವನ್ನು ದಿನದಿನಕ್ಕೆ ಹತ್ತಿರ ತಂದು ಭಯ ಬಿಡಿಸಿದರು. ‘ಬಿಡಿಸು’ ಎಂಬ ಈ ಪದಕ್ಕೆ ಯಾರದಾದರೂ ತಕರಾರಿದ್ದರೆ ಪಾಠ ಅಚ್ಚಿಗೆ ಹೋಗುವ ಮೊದಲೇ ತಿಳಿಸಿ.