‘ಡ್ಯಾನಿ ಬಾಯ್’: ಶ್ರುತಿ ಎಲ್ಲಿಡಬೇಕು, ಯಾರ ದನಿಯಲ್ಲಿ ಹಾಡಬೇಕು?

ಶ್ರುತಿಪ್ರಿಯೆ: ಕರ್ನಾಟಕ ಸಂಗೀತ ಕಲಿತ ಹೆಣ್ಣುದನಿ, ಐದು ಮನೆ (‘ಜಿ’) ಶ್ರುತಿ. ‘ಡ್ಯಾನಿ ಬಾಯ್’ ಎಂಬ ಇಂಗ್ಲಿಷ್ ಹಾಡನ್ನು ಪಿಯಾನೋ ಜೊತೆ ಹಾಡಿದರೆ ಮೊದಲ ಸಾಲಿನ ಕೊನೆ ಕೇಳಿಸುವುದೇ ಇಲ್ಲ, ತಾರಸ್ಥಾಯಿಯ ಸ್ವರ ಕಿರುಚಿದಂತಿರುತ್ತದೆ. ಇದು ಯುದ್ಧಕ್ಕೆ ಹೋದ ಮಗನಿಗಾಗಿ ಹೆತ್ತವರು ಹಾಡುವ ಹಾಡೇ?

ಮಂದ್ರಸಾಧಕ: ಮೊದಲ ಸಾಲು ಮಂದ್ರ (ಕೆಳಸ್ಥಾಯಿಯ) ನಿಷಾದದಿಂದ ಎದ್ದು ಮಂದ್ರ ಧೈವತಕ್ಕೆ ಇಳಿಯುತ್ತದೆ: ನಿ ಸ ರಿ ಗ, ರಿ ಗ ಧ ಪ ಗ, ರಿ ಸ ಧ. ಹಾಡಿನ ಮೇಲ್ತುದಿ ತಾರ (ಮೇಲುಸ್ಥಾಯಿಯ) ಗಾಂಧಾರ. ಒಟ್ಟು ಒಂದೂವರೆ ಸ್ಥಾಯಿ. ಐದು ಮನೆಯಲ್ಲಿ ಆ ಧೈವತ ಪಿಯಾನೋ ಕೆಳಗೆ ಮುಚ್ಚಿಹೋಗುತ್ತದೆ. ಆರೂವರೆ ಮನೆಗೆ (‘ಬಿ ಫ್ಲಾಟ್’) ಏರಿಸಿ. ಸ್ವರಗಳೆಲ್ಲ ಶಂಕರಾಭರಣದವೇ, ಆದರೆ ಆ ರಾಗದ ಗಮಕ ತರಬೇಡಿ. ನಿಷಾದವನ್ನು ಷಡ್ಜಕ್ಕೆ ತಾಗಿಸಿ ಆಡಿಸಿದರೆ ಎತ್ತುಗಡೆಯಲ್ಲೇ ಹಾಡು ಕೆಡುತ್ತದೆ. ನೇರವಾಗಿ ನಿಲ್ಲಿಸಿ.

ತಂತಿವಾದ್ಯ: ತಂಬೂರಿ ಬೇಡ. ಮೊದಲ ಸಾಲಿನ ಕೊನೆಗೆ ಪಕ್ಕವಾದ್ಯ ಮಧ್ಯಮದ ಮೇಲೆ ಕಟ್ಟಿದ ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಸ್ವರಗುಚ್ಛಕ್ಕೆ) ಸರಿಯುತ್ತದೆ, ಪಂಚಮದ ತಂತಿ ಅದಕ್ಕೆ ಅಡ್ಡ ಬರುತ್ತದೆ. ಆರೂವರೆ ಮನೆಗೆ ಗಿಟಾರ್‌ನಲ್ಲಿ ಮೂರನೇ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿ ‘ಜಿ’ ಕಾರ್ಡ್‌ಗಳನ್ನೇ ಹಿಡಿಯಿರಿ. ನಾಲ್ಕೆಣಿಕೆಯ ತಾಳ, ಎತ್ತುಗಡೆ ಮೂರೂವರೆ ಎಣಿಕೆಗೆ. ‘ಬಾಯ್’ ಸಮಕ್ಕೆ (ಮೊದಲ ಎಣಿಕೆಗೆ) ಬೀಳಬೇಕು.

ಮಂದ್ರಸಾಧಕ: ಕಿರುಚುವುದಕ್ಕೆ ಕಾರಣ ಶ್ರುತಿಯಲ್ಲ. ಹಾಡಿನ ಆ ತುದಿಯಲ್ಲಿ ಪಂಚಮ ಮೂರು ಸಲ ಬಂದು ನೇರ ತಾರ ಗಾಂಧಾರಕ್ಕೆ ಜಿಗಿಯುತ್ತದೆ. ಮೂರನೇ ಪಂಚಮವನ್ನು ಒತ್ತಿದರೆ ಗಂಟಲು ಮೇಲೆದ್ದು ಬಿಗಿಯುತ್ತದೆ. ಉಸಿರು ಮೊದಲ ಪಂಚಮಕ್ಕೂ ಮುನ್ನ ತೆಗೆದುಕೊಳ್ಳಿ, ಮೂರನೆಯದನ್ನು ಹಗುರ ಮಾಡಿ, ಜಿಗಿತದ ನಡುವೆ ಉಸಿರಾಡಬೇಡಿ. ಮೊದಲ ಚರಣದಲ್ಲಿ ಆ ಸ್ವರಕ್ಕೆ ಬರುವ ಪದ ‘ಹಿಯರ್’. ಹಕಾರಕ್ಕೆ ಗಾಳಿ ಸುರಿದರೆ ಸ್ವರಕ್ಕೆ ಉಳಿಯುವುದಿಲ್ಲ. ಈಕಾರವನ್ನು ಸ್ವಲ್ಪ ಎಕಾರದತ್ತ ತೆರೆಯಿರಿ. ಎರಡನೇ ಚರಣದಲ್ಲಿ ‘ಬೆಂಡ್’, ಅದು ಸುಲಭ. ಅನುನಾಸಿಕವನ್ನು ಕೊನೆಗೆ ಮುಚ್ಚಿದರೆ ಸಾಕು.

ಹಳೆಹಾಡು: ಪದಗಳು ಫ್ರೆಡ್ ವೆದರ್ಲಿ ಎಂಬ ಇಂಗ್ಲಿಷ್ ವಕೀಲರವು, 1910ರಲ್ಲಿ ಬರೆದದ್ದು. ಐರ್ಲೆಂಡಿನ ಲಿಮವಾಡಿಯಲ್ಲಿ ಜೇನ್ ರಾಸ್ ಸಂಗ್ರಹಿಸಿದ್ದ, 1855ರಲ್ಲೇ ಅಚ್ಚಾಗಿದ್ದ ಧಾಟಿ ಅವರ ಕೈಸೇರಿದ್ದು 1912ರಲ್ಲಿ. ಹಾಡು ಹೊರಬಂದದ್ದು 1913ರಲ್ಲಿ, ಮಹಾಯುದ್ಧಕ್ಕೆ ಒಂದು ವರ್ಷ ಮೊದಲು. ಸಾಹಿತ್ಯದಲ್ಲಿ ಯುದ್ಧದ ಮಾತೇ ಇಲ್ಲ, ಹಾಡುವವರು ಯಾರೆಂದೂ ಇಲ್ಲ. ಮೊದಲ ಸಾಲಿನಲ್ಲಿ ಡ್ಯಾನಿಯನ್ನು ಕರೆಯುವ ಪೈಪ್‌ಗಳನ್ನು (ಊದುವ ವಾದ್ಯ) ಸೇನೆಯ ವಾದ್ಯವೆಂದುಕೊಂಡರೆ ಹೆತ್ತವರ ಅಳಲು. ಊರು ಬಿಟ್ಟು ವಲಸೆ ಹೋದ ಮಗನೆಂದೂ ಓದುವವರಿದ್ದಾರೆ. ನನಗೆ ಹೆತ್ತವರ ದನಿಯೇ ಸರಿ ಎನಿಸುತ್ತದೆ, ಏಕೆಂದರೆ ಎರಡನೇ ಚರಣದಲ್ಲಿ ಕಾಯುವವರು ಸತ್ತು ಮಣ್ಣಿನಡಿಯಿಂದ ಕೇಳಿಸಿಕೊಳ್ಳುತ್ತಾರೆ. ಮಗ ಬರುವಷ್ಟರಲ್ಲಿ ತಮ್ಮ ಆಯುಸ್ಸು ಮುಗಿದೀತೆಂಬ ಭಯ ಮುಪ್ಪಿನದು. ಹಾಗಾಗಿ ಅಲ್ಲಿಯ ತಾರ ಗಾಂಧಾರ ಮೊದಲ ಚರಣದ ಅರ್ಧದಷ್ಟು ದನಿಯಲ್ಲಿರಲಿ. ಎರಡೂ ಕಡೆ ಒಂದೇ ಅಬ್ಬರದಲ್ಲಿ ಹಾಡುವವರೇ ಹೆಚ್ಚು, ದಯವಿಟ್ಟು ನೀವು ಹಾಗೆ ಮಾಡಬೇಡಿ.