ಅಮ್ಮನಿಗೆ ಅಲ್ಝೈಮರ್ಸ್, ನಾನು ಜೀನ್ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ: ಅಮ್ಮನಿಗೆ 74ನೇ ವಯಸ್ಸಿನಲ್ಲಿ ಅಲ್ಝೈಮರ್ಸ್ ಅಂತ ಗೊತ್ತಾಯಿತು. ತಮ್ಮ ಸುಮ್ನೆ ಕುತೂಹಲಕ್ಕೆ ಎಂಜಲು ತುಂಬಿಸಿ ಕಳಿಸುವ ಟೆಸ್ಟ್ ಮಾಡಿಸಿದ. ಎಪೊಇ-4 (ಅಲ್ಝೈಮರ್ಸ್ ಅಪಾಯ ಹೆಚ್ಚಿಸುವ, ಎಪೊಇ ಜೀನ್‌ನ ಒಂದು ರೂಪ) ಒಂದು ಪ್ರತಿ ಇದೆ ಅಂತ ಬಂತು. ಈಗ ನೀನೂ ಮಾಡಿಸು ಅಂತ ನನ್ನ ಹಿಂದೆ ಬಿದ್ದಿದ್ದಾನೆ. ಮಾಡಿಸಿದವರು, ಬೇಡ ಅಂತ ಬಿಟ್ಟವರು ಇಬ್ಬರೂ ಹೇಳಿ.

ಉತ್ತರ 1: ನಮ್ಮ ಅಪ್ಪನಿಗೂ ಎಪ್ಪತ್ತು ದಾಟಿದ ಮೇಲೆಯೇ ಶುರುವಾಗಿದ್ದು. ನಾನು ಮಾಡಿಸಿದೆ, ನನಗೂ ಒಂದು ಪ್ರತಿ. ರಿಪೋರ್ಟ್ ಬಂದ ಹೊಸತರಲ್ಲಿ ಯಾರದ್ದಾದರೂ ಹೆಸರು ನಾಲಿಗೆ ತುದಿಗೆ ಬಂದು ನಿಂತರೂ ಎದೆ ಧಸಕ್ ಅನ್ನುತ್ತಿತ್ತು, ಗ್ಯಾಸ್ ಆಫ್ ಮಾಡಿದೆನಾ ಅಂತ ಮಲಗಿದ್ದವಳು ಎದ್ದು ಹೋಗಿ ನೋಡುತ್ತಿದ್ದೆ. ಆಮೇಲೆ ಡಾಕ್ಟರ್ ಕೂರಿಸಿಕೊಂಡು ಬಿಡಿಸಿ ಹೇಳಿದರು. ಒಂದು ಪ್ರತಿ ಇದ್ದರೆ ಅಪಾಯ ಸುಮಾರು 2-3 ಪಟ್ಟು, ಎರಡಿದ್ದರೆ 8ರಿಂದ 12 ಪಟ್ಟು ಅನ್ನುತ್ತಾರೆ. ಈ ಲೆಕ್ಕ ಬಂದಿರುವುದು ಹೆಚ್ಚಾಗಿ ಯುರೋಪ್ ಮೂಲದವರ ಅಧ್ಯಯನಗಳಿಂದ, ಬೇರೆ ಜನಾಂಗಗಳಲ್ಲಿ ಹೆಚ್ಚುಕಡಿಮೆ ಇರುತ್ತದೆ. ಜೀನ್ ಇದ್ದೂ ಕಾಯಿಲೆ ಬಾರದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲದೆಯೂ ಬಂದವರಿದ್ದಾರೆ.

ಉತ್ತರ 2: ನಾನು ಜೆನೆಟಿಕ್ ಕೌನ್ಸೆಲರ್. ನಾವು ಮೊದಲು ಕೇಳುವುದೇ ಎಷ್ಟನೇ ವಯಸ್ಸಿಗೆ ಶುರುವಾಯಿತು ಅಂತ. 40-50ರಲ್ಲೇ ಬಂದು, ಅಜ್ಜ, ಅಪ್ಪ, ಮಗ ಹೀಗೆ ಸಾಲಾಗಿ ಕಾಣಿಸಿಕೊಂಡಿದ್ದರೆ ಎಪಿಪಿ, ಪಿಎಸ್ಇಎನ್1, ಪಿಎಸ್ಇಎನ್2 ಜೀನ್‌ಗಳ ಮೇಲೆ ಅನುಮಾನ. ಅದು ಬೇರೆಯದೇ ಕಥೆ, ಅಲ್ಲಿ ದೋಷವಿರುವ ಜೀನ್ ಒಂದೊಂದು ಮಗುವಿಗೂ ಬರುವ ಸಾಧ್ಯತೆ 50%. ಪಿಎಸ್ಇಎನ್1ರಂಥದ್ದು ಬಂದರೆ ಕಾಯಿಲೆ ಹೆಚ್ಚುಕಮ್ಮಿ ಖಚಿತ. ಒಟ್ಟು ಕೇಸುಗಳಲ್ಲಿ ಇಂಥವು 1%ಗಿಂತ ಕಡಿಮೆ. ಮನೆಯಲ್ಲಿ ಬೇರೆ ಯಾರಿಗೂ ಚಿಕ್ಕ ವಯಸ್ಸಿನಲ್ಲಿ ಬಂದಿಲ್ಲ ಅಂದರೆ ನಿಮ್ಮದು ಆ ಸಾಲಿಗೆ ಸೇರುವ ಹಾಗೆ ಕಾಣುತ್ತಿಲ್ಲ. ಇನ್ನೊಂದು ಮಾತು, ತಮ್ಮನಿಗೆ ಆ ಪ್ರತಿ ಅಮ್ಮನಿಂದಲೇ ಬಂದಿದೆ ಅಂತ ಯಾರು ಹೇಳಿದರು? ಅಪ್ಪನಿಂದಲೂ ಬಂದಿರಬಹುದು. ಅವನಿಗೆ ಇದೆ ಅಂದ ಮಾತ್ರಕ್ಕೆ ನಿಮಗೂ ಇರಬೇಕಿಲ್ಲ. ಆ ಕಿಟ್ ರಿಪೋರ್ಟನ್ನು ಸರಿಯಾದ ಲ್ಯಾಬ್‌ನಲ್ಲಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳದೆ ತಲೆಗೆ ಹಚ್ಚಿಕೊಳ್ಳಬೇಡಿ. ಈ ಟೆಸ್ಟ್ ನಿಜವಾಗಿ ಕೆಲಸಕ್ಕೆ ಬರುವುದು ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಅನ್ನುವ ಅಲ್ಝೈಮರ್ಸ್ ಔಷಧಿ ಶುರು ಮಾಡುವ ರೋಗಿಗೆ. ಎಪೊಇ-4 ಎರಡು ಪ್ರತಿ ಇದ್ದವರಿಗೆ ಈ ಔಷಧಿಗಳಿಂದ ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುವ ಅಪಾಯ ಜಾಸ್ತಿ.

ಉತ್ತರ 3: ನಾನು ಮಾಡಿಸಲಿಲ್ಲ, ಮಾಡಿಸುವುದೂ ಇಲ್ಲ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ಅವರೇ 2007ರಲ್ಲಿ ತಮ್ಮ ಇಡೀ ಜೀನೋಮ್ ಬಹಿರಂಗ ಮಾಡುವಾಗ ಎಪೊಇ ಒಂದು ಮಾತ್ರ ನನಗೂ ಹೇಳಬೇಡಿ ಅಂದಿದ್ದರು! ಏನೇ ಬಂದರೂ ನಾನು ಮಾಡಬೇಕಾದ್ದು ಬಿಪಿ, ಶುಗರ್ ಹತೋಟಿಯಲ್ಲಿಡುವುದು, ನಡೆಯುವುದು, ಕಿವಿ ಮಂದವಾದರೆ ನಾಚಿಕೆ ಬಿಟ್ಟು ಮಷೀನ್ ಹಾಕಿಕೊಳ್ಳುವುದು, ಅಷ್ಟೇ ಅಲ್ವಾ?

ಉತ್ತರ 1: ಮೂರನೆಯವರ ಮಾತು ಸರಿ, ಆದರೂ ನನ್ನ ವಿಷಯದಲ್ಲಿ ಆ ರಿಪೋರ್ಟ್ ನೋಡಿದ ಮೇಲೆಯೇ ನಾನು ಬಿಪಿ ಮಾತ್ರೆ ತಪ್ಪಿಸುವುದನ್ನು ನಿಲ್ಲಿಸಿದ್ದು. ನೀವು ಯಾವ ಥರದವರು ಅಂತ ನಿಮಗೇ ಗೊತ್ತಿರುತ್ತದೆ. ಮಾಡಿಸುವುದೇ ಆದರೆ ವಿಮೆ ಕೆಲಸ ಮೊದಲು ಮುಗಿಸಿಕೊಳ್ಳಿ. ತಮ್ಮನಿಗೆ ನಿಮ್ಮ ಫಲಿತಾಂಶ ಹೇಳುತ್ತೀರೋ ಇಲ್ಲವೋ ಅನ್ನುವುದನ್ನೂ ಆಗಲೇ ತೀರ್ಮಾನ ಮಾಡಿಕೊಳ್ಳಿ.